ಪ್ರತಿ ಟೆಂಟಿಗೆ ನಾಲ್ಕು ಕುರ್ಚಿ

ಕಿಶೋರ ಸಂಘದ ಶಿಬಿರಕ್ಕೆ ಟೆಂಟು ಆರಿಸುವ ಸಮಿತಿಯಲ್ಲಿ ಮೂವರಿದ್ದರು. ಮೂವರೂ ಜೀವಮಾನದಲ್ಲಿ ಒಂದು ರಾತ್ರಿಯನ್ನೂ ಬಯಲಿನಲ್ಲಿ ಕಳೆದವರಲ್ಲ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಅವರಿಗೆ ನಿಯಮ ಗೊತ್ತಿತ್ತು. ಹಾಸಿಗೆ ಅಂಗಡಿಯವರಿಗೆ ನಿದ್ದೆಯ ವಿಷಯ ಗೊತ್ತಿತ್ತು. ಔಷಧಿ ಅಂಗಡಿ ಮೇಡಂಗೆ, ಹೊರಗೆ ಮಲಗಿದವರಿಗೆ ಏನೇನು ಕಾಯಿಲೆ ಬರುತ್ತದೆ ಎಂಬುದು ಗೊತ್ತಿತ್ತು. ಟೆಂಟು ಅಂದರೆ ಕೊನೆಗೂ ಬಟ್ಟೆಯೇ ತಾನೆ ಎಂದು ಯಾರೋ ಹೇಳಿದ್ದರಿಂದ ದರ್ಜಿಯನ್ನೂ ಕರೆದರು. ಅವಳಿಗೆ ಮತವಿರಲಿಲ್ಲ, ಕುರ್ಚಿಯಿತ್ತು.

ದರ್ಜಿಗೆ ಬೇಕಾಗಿದ್ದು ಒಂದೇ: ಇವರು ಇವತ್ತು ಏನಾದರೊಂದನ್ನು ಆರಿಸಬೇಕು. ಮಗಳಿಗೆ ಹದಿನೈದು ಮುಗಿದು ಒಂಬತ್ತು ತಿಂಗಳಾಗಿತ್ತು. ಹದಿನಾರು ತುಂಬಿದವರಿಗೆ ಶಿಬಿರವಿಲ್ಲ. ಎರಡು ವರ್ಷದ ಹಿಂದೆ ಟೆಂಟಿನ ಬಣ್ಣ ಒಪ್ಪಿಗೆಯಾಗದೆ ಶಿಬಿರ ನಿಂತಿತು. ಹಸಿರಾದರೆ ಮರಗಳ ನಡುವೆ ಕಾಣುವುದಿಲ್ಲ, ಕೆಂಪಾದರೆ ಕಣ್ಣಿಗೆ ಹೊಡೆಯುತ್ತದೆ. ಹೋದ ವರ್ಷ, ಟೆಂಟಿಗೆ ಒಂದು ಬಾಗಿಲು ಸಾಕೋ ಎರಡು ಬೇಕೋ ಎಂದು ನೋಡಲು ಉಪಸಮಿತಿ ಮಾಡಿದರು. ಅದರ ವರದಿ ಇನ್ನೂ ಬರುತ್ತಲೇ ಇತ್ತು. ಮಗಳ ಚೀಲ ಅಷ್ಟು ದಿನದಿಂದ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಟಾರ್ಚು, ಲೋಟ, ಟವೆಲು, ಒಂದು ಜೊತೆ ಉಣ್ಣೆಯ ಕಾಲುಚೀಲ. ಕಾಲುಚೀಲ ಈಗ ಅವಳ ಕಾಲಿಗೆ ಹಿಡಿಸುತ್ತಿರಲಿಲ್ಲ.

ಬೆಳಗ್ಗೆ ಮಗಳು ಕೇಳಿದ್ದಳು, "ಅಮ್ಮಾ, ಇವತ್ತಾದ್ರೂ ಆರಿಸ್ತೀರಾ, ಇಲ್ಲ ಮತ್ತೆ ಮುಟ್ಟಿ ನೋಡಿ ಬರ್ತೀರಾ?"

"ನೋಡೋಣ."

"ಅದೇ ಅಂದೆ. ನೋಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ."

ಕೆರೆಯ ಪಕ್ಕದ ಬಯಲು ನೋಡಿಕೊಳ್ಳುವವನು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ. ಇವತ್ತು ಸಂಜೆ ಐದರೊಳಗೆ ಹೂಂ ಅಂದರೆ ಮೂರು ವಾರ ಬಿಟ್ಟು ಜಾಗ ನಿಮ್ಮದು. ಇಲ್ಲವಾದರೆ ಬರುವ ವರ್ಷ ನೋಡೋಣ.

ಸಭೆ ಎರಡೂವರೆಗೆ ಶುರುವಾಯಿತು. ಟೆಂಟು ಮಾರುವವನು ಸಭಾಂಗಣದ ನಡುವೆ, ಸೀಲಿಂಗ್ ಫ್ಯಾನಿನ ಕೆಳಗೆ, ನಾಲ್ಕು ಜನರ ಟೆಂಟೊಂದನ್ನು ಐದು ನಿಮಿಷದಲ್ಲಿ ನಿಲ್ಲಿಸಿದ. ಅಷ್ಟು ಬೇಗ ನಿಂತಿದ್ದೇ ಹೆಡ್‌ಮಾಸ್ಟರಿಗೆ ಅನುಮಾನ ತಂದಿತು.

ಮೊದಲು ಮಳೆಯ ಪರೀಕ್ಷೆ. ಹೆಡ್‌ಮಾಸ್ಟರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಿಳಿ ಕರವಸ್ತ್ರವನ್ನು ಮುಂದೆ ಹರಡಿಕೊಂಡು ಕೂತರು. ಹಾಸಿಗೆ ಅಂಗಡಿಯವರು ಗಿಡಕ್ಕೆ ನೀರು ಹಾಕುವ ಡಬ್ಬದಿಂದ ಮೇಲೆ ಸುರಿದರು.

"ಮಳೆ ಬಂತಾ ಮೇಷ್ಟ್ರೇ?"

"ಸದ್ದು ಬಂತು. ಹನಿ ಬಂದಿಲ್ಲ."

"ಇನ್ನೂ ಜೋರಾಗಿ ಸುರೀಲಾ?"

"ಬೇಡ ಕಣ್ರೀ. ಅಷ್ಟು ಜೋರು ಮಳೆ ಬಂದ್ರೆ ನಾವು ಶಿಬಿರಾನೇ ಮಾಡಲ್ಲ."

ಹೊರಗೆ ಬಂದಾಗ ಕರವಸ್ತ್ರದ ಮೇಲೆ ಎರಡು ಹನಿ ಇದ್ದವು. ಔಷಧಿ ಅಂಗಡಿ ಮೇಡಂ ಅವನ್ನು ಬೆಳಕಿಗೆ ಹಿಡಿದು ನೋಡಿ, ಇದು ಮೇಷ್ಟ್ರ ಬೆವರು ಎಂದು ತೀರ್ಪು ಕೊಟ್ಟರು. ಅದನ್ನು ನಡಾವಳಿ ಪುಸ್ತಕದಲ್ಲಿ ಘನತೆಯ ಮಾತುಗಳಲ್ಲಿ ಬರೆಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಆಮೇಲೆ ಮೇಡಂ ಜಿಪ್ಪಿನ ಕೊನೆಯಲ್ಲಿದ್ದ ಸಂದಿಗೆ ಕಿರುಬೆರಳು ತೂರಿಸಿದರು. "ಇಲ್ಲಿಂದ ಇರುವೆ ಬರುತ್ತಾ?"

"ಬರುತ್ತೆ ಮೇಡಂ," ಎಂದ ಮಾರುವವನು.

"ಚೇಳು?"

"ಚೇಳು ಹಿಡಿಸಲ್ಲ."

"ಮರಿ ಚೇಳು?"

ಮಾರುವವನು ಗಡಿಯಾರ ನೋಡಿದ. ದರ್ಜಿಯೂ ನೋಡಿದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಆ ಸಂದಿಗೆ ಎರಡಂಗುಲದ ಪಟ್ಟಿ ಹೊಲಿದುಬಿಟ್ಟರೆ ಮುಗಿಯಿತು ಎಂದು ಅವಳು ಹೇಳಿದಳು. ತಜ್ಞರ ಅಭಿಪ್ರಾಯ ಗಮನಿಸಲಾಯಿತು ಎಂದು ಹೆಡ್‌ಮಾಸ್ಟರು ಬರೆದುಕೊಂಡರು, ಅಂದರೆ ಕೇಳಿಸಿಕೊಳ್ಳಲಿಲ್ಲ.

ಉಳಿದದ್ದು ಗಾಳಿ. ಸ್ಟ್ಯಾಂಡ್ ಫ್ಯಾನು ತಂದಿಟ್ಟು ಮೂರನೇ ನಂಬರಿಗೆ ತಿರುಗಿಸಿದ್ದೇ ತಡ, ಟೆಂಟು ಯಾರ ಅಪ್ಪಣೆಯನ್ನೂ ಕೇಳದೆ ವೇದಿಕೆಯ ಕಡೆ ಜಾರಿಕೊಂಡು ಹೊರಟಿತು. ಹಾಸಿಗೆ ಅಂಗಡಿಯವರು ಅದರ ಬಾಲ ಹಿಡಿದು ನಿಲ್ಲಿಸಿದರು.

"ಗೂಟ ಹೊಡೆದ್ರೆ ಅಲ್ಲಾಡಲ್ಲ ಸಾರ್," ಎಂದ ಮಾರುವವನು, ಕಬ್ಬಿಣದ ನಾಲ್ಕು ಗೂಟಗಳನ್ನು ತೋರಿಸುತ್ತ.

"ಎಲ್ಲಿಗೆ ಹೊಡೀತೀಯಪ್ಪ? ಇದು ಕಲ್ಲಿನ ನೆಲ."

ಹೊತ್ತು ಹೋಗುತ್ತಿತ್ತು. ದರ್ಜಿ ಎದ್ದು ನಾಲ್ಕು ಮೂಲೆಯ ಹಗ್ಗಗಳನ್ನು ನಾಲ್ಕು ಕಬ್ಬಿಣದ ಕುರ್ಚಿಗಳ ಕಾಲಿಗೆ ಬಿಗಿದಳು. ಖಾಲಿ ಕುರ್ಚಿಗಳೂ ಟೆಂಟಿನ ಹಿಂದೆಯೇ ಹೊರಟಾಗ, "ಎಲ್ಲರೂ ಕೂತ್ಕೊಳ್ಳಿ," ಎಂದಳು. ಮೂವರು ಸದಸ್ಯರು, ಅವಳು, ಒಟ್ಟು ನಾಲ್ವರು. ಕೂತರು. ಫ್ಯಾನು ಮೂರರಲ್ಲಿ ತಿರುಗಿತು. ಟೆಂಟು ಬಂಡೆಯಂತೆ ನಿಂತಿತು. ಹೆಡ್‌ಮಾಸ್ಟರ ತಲೆಯ ನಾಲ್ಕು ಕೂದಲು ಮಾತ್ರ ಹಾರಾಡಿದವು.

"ಭೇಷ್. ಗಾಳಿಗೆ ಪಾಸು," ಎಂದರು ಅವರು. ದರ್ಜಿಯ ಜೀವಕ್ಕೆ ಸಮಾಧಾನವಾಯಿತು. ಆಗ ಅವರೇ ಪೆನ್ನೆತ್ತಿ, "ಆದ್ರೆ ಗೂಟದ ಪರೀಕ್ಷೆ ಆಗ್ಲಿಲ್ಲವಲ್ಲ," ಎಂದರು. "ಪರೀಕ್ಷೆ ಮಾಡದ ವಸ್ತೂನ ಸಮಿತಿ ಒಪ್ಪೋ ಹಾಗಿಲ್ಲ."

"ಹಿಂದುಗಡೆ ಮಣ್ಣಿದೆ ಸಾರ್. ಎರಡೇ ನಿಮಿಷ, ಹೊಡೆದು ತೋರಿಸ್ತೀನಿ."

"ನಡಾವಳಿ ಪುಸ್ತಕ ಹೊಸ್ತಿಲು ದಾಟಬಾರದು. ಪುಸ್ತಕ ಇಲ್ಲದ ಕಡೆ ಸಭೆ ಇಲ್ಲ. ಸಭೆ ಇಲ್ಲದ ಕಡೆ ನಾವು ನೋಡಿದ್ದು ನೋಡಿದ್ದಲ್ಲ."

"ಮತ್ತೇನ್ಮಾಡೋದು?" ಎಂದರು ಮೇಡಂ.

"ಉಪಸಮಿತಿ," ಎಂದರು ಹಾಸಿಗೆ ಅಂಗಡಿಯವರು, ಒಳ್ಳೆಯ ಹಾಸಿಗೆಯ ಹೆಸರು ಹೇಳುವವರಂತೆ.

ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ದರ್ಜಿಗೆ ಕೂಗಾಡಬೇಕೆನಿಸಿತು. ಆದರೆ ಗಿರಾಕಿಗಳ ಜೊತೆ ಹದಿನೆಂಟು ವರ್ಷ ಏಗಿದವಳು. ಸೊಂಟ ದಪ್ಪವಾಯಿತು ಎಂದು ಹೇಳಿದರೆ ಯಾರೂ ಒಪ್ಪುವುದಿಲ್ಲ. ಬಟ್ಟೆ ಕುಗ್ಗಿದೆ ಅಂದರೆ ತಕ್ಷಣ ಒಪ್ಪುತ್ತಾರೆ.

"ಮೇಷ್ಟ್ರೇ, ಗೂಟ ಬಿಟ್ಹಾಕಿ," ಎಂದಳು. "ಕುರ್ಚಿ ಪರೀಕ್ಷೆ ಆಗಿದೆಯಲ್ಲ. ಕುರ್ಚಿಗಳನ್ನೇ ತಗೊಂಡು ಹೋಗೋಣ."

ಮಾರುವವನು ಬಾಯಿ ತೆರೆದ. ದರ್ಜಿ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಅವನು ಬಾಯಿ ಮುಚ್ಚಿದ.

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಅಷ್ಟು ವರ್ಷದ ಸಭೆಗಳಲ್ಲಿ ಅವರಿಗೆ ಇಷ್ಟು ಕ್ರಮಬದ್ಧವಾದ ಸಲಹೆ ಯಾರಿಂದಲೂ ಸಿಕ್ಕಿರಲಿಲ್ಲ. "ಐದು ಟೆಂಟು. ಇಪ್ಪತ್ತು ಕುರ್ಚಿ. ಸರಿಯಾಗಿದೆ."

"ಆದ್ರೆ ಖಾಲಿ ಕುರ್ಚಿ ಫೇಲಾಗಿತ್ತಲ್ಲ," ಎಂದರು ಮೇಡಂ. "ಪಾಸಾಗಿದ್ದು ಜನ ಕೂತಿದ್ದ ಕುರ್ಚಿ."

ದರ್ಜಿ ಗಡಿಯಾರ ನೋಡಿದಳು. ನಾಲ್ಕೂ ಐವತ್ತು.

"ಮಕ್ಕಳು ಇಪ್ಪತ್ತು," ಎಂದಳು ದರ್ಜಿ. "ಒಂದು ಮಗೂಗೆ ಒಬ್ಬರು ಅಪ್ಪಾನೋ ಅಮ್ಮಾನೋ. ಕೂತ್ಕೋತಾರೆ."

"ಯಾರಾದ್ರೂ ಎದ್ದು ಹೋದ್ರೆ?"

"ಆಗ ನಿಮ್ಮ ಮೂವರಲ್ಲಿ ಒಬ್ಬರು."

ಠರಾವು ಸರ್ವಾನುಮತದಿಂದ ಪಾಸಾಯಿತು. ಐದಕ್ಕೆ ಮೂರು ನಿಮಿಷವಿದ್ದಾಗ ದರ್ಜಿ ಬಯಲಿನವನಿಗೆ ಫೋನು ಮಾಡಿ ಹೂಂ ಅಂದಳು. ಎಷ್ಟು ಜನ ಎಂದು ಅವನು ಕೇಳಿದ. ಇಪ್ಪತ್ತು ಮಕ್ಕಳು ಎಂದಳು. ಕುರ್ಚಿಗಳ ಸುದ್ದಿ ಎತ್ತಲಿಲ್ಲ.

ಮೂರು ವಾರದ ನಂತರ ಒಂದು ಬೆಳಗ್ಗೆ ಕೆರೆಯ ಬಯಲಿಗೆ ಲಾರಿ ಬಂತು. ಮೇಲೆ ಕುರ್ಚಿಗಳು, ಕೆಳಗೆ ಟೆಂಟುಗಳು. ಪ್ರತಿ ಟೆಂಟಿನ ಚೀಲದ ತಳದಲ್ಲಿ ಮಾರುವವನು ಗೂಟಗಳನ್ನೂ ಒಂದು ಸುತ್ತಿಗೆಯನ್ನೂ ಸದ್ದಿಲ್ಲದೆ ಇಟ್ಟಿದ್ದ. ದೊಡ್ಡವರು ಕುರ್ಚಿ ಎಣಿಸಿಕೊಳ್ಳುವುದರೊಳಗೆ ಮಕ್ಕಳು ಐದೂ ಟೆಂಟು ಎಬ್ಬಿಸಿ ಗೂಟ ಜಡಿದು ಮುಗಿಸಿದ್ದರು.

ಹೆಡ್‌ಮಾಸ್ಟರು ಗೂಟಗಳ ಮುಂದೆ ಸ್ವಲ್ಪ ಹೊತ್ತು ನಿಂತರು. ಬಗ್ಗಿ ಒಂದನ್ನು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ.

"ಇದನ್ನ ನಾನು ನೋಡಿಲ್ಲ," ಎಂದರು. "ಪುಸ್ತಕ ಊರಲ್ಲಿದೆ."

ಠರಾವು ಠರಾವೇ. ಗೂಟದ ಹಗ್ಗದ ಪಕ್ಕದಲ್ಲಿ ಇನ್ನೊಂದು ಹಗ್ಗ ಕಟ್ಟಿ ಕುರ್ಚಿಗಳಿಗೆ ಬಿಗಿದರು. ಇಪ್ಪತ್ತು ತಂದೆತಾಯಿಗಳು ಐದು ಟೆಂಟುಗಳ ಮೂಲೆಮೂಲೆಯಲ್ಲಿ, ಬಿಸಿಲಿಗೆ ಟೋಪಿ ಹಾಕಿಕೊಂಡು, ಸೀರಿಯಸ್ಸಾಗಿ ಕೂತರು. ಮೇಡಂ ಪಾಳಿಯ ಪಟ್ಟಿ ಹಿಡಿದು ಸುತ್ತಿದರು. ಹಾಸಿಗೆ ಅಂಗಡಿಯವರು ಯಾರದೋ ಬದಲಿಗೆ ಕೂತವರು ಅಲ್ಲೇ ಗೊರಕೆ ಹೊಡೆದರು. ದೋಣಿಯಲ್ಲಿ ಹೋಗುತ್ತಿದ್ದ ಇಬ್ಬರು ಇದನ್ನು ಕಂಡು ಹುಟ್ಟು ಹಾಕುವುದನ್ನೇ ನಿಲ್ಲಿಸಿದರು.

ಊಟವಾದ ಮೇಲೆ ಮಕ್ಕಳಿಗೆ ಒಂದು ಗಂಟೆ ವಿಶ್ರಾಂತಿ. ದರ್ಜಿಯ ಕುರ್ಚಿ ಮೂರನೇ ಟೆಂಟಿನ ಬಲಗಡೆಯ ಹಿಂದಿನ ಮೂಲೆಯಲ್ಲಿತ್ತು. ಜಿಪ್ಪಿನ ಸಂದಿಗೆ ಯಾರಿಗೂ ಹೇಳದೆ ತಾನೇ ಹೊಲಿದ ಪಟ್ಟಿ ಅಲ್ಲಿಂದ ಕಾಣುತ್ತಿರಲಿಲ್ಲ, ಸರಿಯಾಗಿಯೇ ಇರುತ್ತದೆ ಅಂದುಕೊಂಡಳು. ಒಳಗೆ ಯಾರೋ ಮಗ್ಗುಲು ಬದಲಿಸಿದರು. ಬಟ್ಟೆ ಉಬ್ಬಿ ಇಳಿಯಿತು. ಹಗ್ಗ ಕುರ್ಚಿಯ ಕಾಲನ್ನು ಮೆಲ್ಲಗೆ ಜಗ್ಗಿತು.

"ಅಮ್ಮಾ," ಬಟ್ಟೆಯಾಚೆಯಿಂದ ಮಗಳ ದನಿ. "ಇದ್ದೀಯಾ?"

"ಇದ್ದೀನಿ."

"ಎದ್ದು ಹೋಗ್ಬೇಡ ಮತ್ತೆ. ನಾವೆಲ್ಲ ಹಾರಿ ಹೋಗ್ತೀವಿ."

ಒಳಗೆ ನಾಲ್ಕು ಹುಡುಗಿಯರು ಬಾಯಿಗೆ ಕೈ ಒತ್ತಿಕೊಂಡು ನಗುವ ಸದ್ದು. ಹಗ್ಗ ಮತ್ತೆ ಜಗ್ಗಿತು, ಈ ಸಲ ಬೇಕೆಂದೇ, ಎರಡು ಸಲ.

ಕುರ್ಚಿಯಿಂದ ಒಂದು ಮೊಳ ದೂರದಲ್ಲಿ ಗೂಟ ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತು ಕೂತಿತ್ತು. ದರ್ಜಿ ಅದನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಚ್ಚಿ, ಎರಡೂ ಪಾದಗಳನ್ನು ಹುಲ್ಲಿಗೆ ಊರಿ, ಕುರ್ಚಿಯಲ್ಲಿ ಇನ್ನಷ್ಟು ಭಾರವಾಗಿ ಕೂತಳು.