ಅಳಗುಳಿಮಣೆಯ ಗೋಡೆ

ಕಾಫಿ ಉಕ್ಕಿ ಒಲೆ ಚುರ್ ಅಂದಿತು, ಉಕ್ಕಲಿ ಬಿಡು, ನೀಲಾವತಿ ಬಾಗಿಲ ಸಂದಿಯಿಂದ ಕಣ್ಣು ಕೀಳಲಿಲ್ಲ — ನಡುಮನೆಯಲ್ಲಿ, ಹೆಣ್ಣು ನೋಡಲು ಬಂದವರ ಎದುರು, ಮಗಳು ಶಿವರಂಜಿನಿ ಅಳಗುಳಿಮಣೆ ಇಟ್ಟುಕೊಂಡು ಕೂತಿದ್ದಾಳೆ, ತಲೆ ಬಗ್ಗಿಸಿಲ್ಲ, ಗಂಡಿನ ಸೋದರಮಾವ, ಚಂದಕವಾಡಿಯ ಮಹದೇವಯ್ಯ, ಒಂದು ಪದ ಹಾಡವ್ವ ಅಂದದ್ದೇ ತಡ ತಾನೇ ಒಳಗಿಂದ ಕೂಗಿಬಿಟ್ಟಿದ್ದಳಲ್ಲ, ಅವಳಿಗೆ ಪದ ಬರಲ್ಲ ಕಣಣ್ಣ, ಮೈಸೂರಲ್ಲಿ ಏನ್ ಓದ್ತಾವಳೆ ಅಂತ ಕೇಳಿ — ಕೇಳಿದರು, ಈಗ ಕೇಳಿಸಿಕೊಳ್ಳಲಿ. ಮಗಳು ಶುರುಮಾಡಿದಳು, ಕೆಲವು ಲೋಹದೊಳಗೆ ಕಣ್ಣಿಗೆ ಕಾಣದ ಅಯಸ್ಕಾಂತಗಳಿರ್ತವೆ, ಒಂದಕ್ಕೆ ಪಕ್ಕದ್ದರ ಹಂಗೇ ನಿಲ್ಲೋ ಆಸೆ, ಇನ್ನೊಂದಕ್ಕೆ ತಿರುಗಿ ನಿಲ್ಲೋ ಆಸೆ, ಎಲ್ಲಕ್ಕೂ ಒಪ್ಪೋ ಸಾಲೇ ಇಲ್ಲ — ಅಯ್ಯೋ, ಇದು ನಾದಿನಿ ಮದುವೆಯ ಊಟದ ಪಂಕ್ತಿಯೇ, ಮಲ್ಲಿಗಮ್ಮನ ಪಕ್ಕ ಯಶೋದಮ್ಮ ಕೂರಲ್ಲ, ಯಶೋದಮ್ಮ ಇಲ್ಲದೆ ಮಂಚಮ್ಮ ಕೂರಲ್ಲ, ಎಬ್ಬಿಸಿ ಕೂರಿಸಿ ಕೂರಿಸಿ ಪಾಯಸ ಆರಿಹೋಗಿತ್ತು, ಎಲ್ಲಕ್ಕೂ ಕಮ್ಮಿ ಜಗಳದ ಸಾಲು ಯಾವುದು ಅಂತ ಹುಡುಕುವುದೇ ಇವಳ ಓದಂತೆ, ನನ್ನ ಮಗಳದು! ಮಗಳು ಮಣೆ ಮೇಲೆ ಬೆರಳಿಟ್ಟಳು, ಆ ಸಾಲೇ ಈ ಆಳದ ಗುಳಿ ಅಂದ್ಕಳಿ, ಹಳೇ ದಾರಿ ಅಂದ್ರೆ ಕಾಯಿಸಿ ನಿಧಾನಕ್ಕೆ ಆರಿಸೋದು, ಮಣೆ ಜೋರಾಗಿ ಅಲ್ಲಾಡಿಸಿ ಮೆಲ್ಲಗೆ ನಿಲ್ಲಿಸಿದಂಗೆ, ಹುಣಸೆಬೀಜ ಗುಳಿ ನಡುವಿನ ಗೋಡೆ ಹಾರಿ ಹಾರಿ ಅಲ್ಲಿಗೆ ಸೇರಬೇಕು, ಜಪಾನಿನವರು ಹೋದ ವರ್ಷ ಬೇರೆ ದಾರಿ ಬರೆದವ್ರೆ, ನಾನೂ ಅದನ್ನೇ ಮಾಡ್ತಿರೋದು, ಅಷ್ಟು ಸಣ್ಣ ಲೋಕದಲ್ಲಿ ಹಾರೋದೇ ಬೇಡ, ಗೋಡೆಯೊಳಗೇ ತೂರಿ ಹೋಗ್ತದೆ, ಕ್ವಾಂಟಮ್ ಅಂತಾರೆ. ಮಹದೇವಯ್ಯ ಮಣೆ ಎತ್ತಿ ಅಡಿ ನೋಡಿದರು, ತೂತ ಎಲ್ಲಿದ್ದದವ್ವ, ಇದು ಬೀಜವಾ ಹೆಗ್ಗಣವಾ — ನಗಲಿ, ಇವಳು ನಗುತ್ತಲೇ ಮಣೆ ಇಸಿದುಕೊಂಡಳು ನೋಡು, ಚಿಕ್ಕವಳಿದ್ದಾಗಲೂ ಹಿಂಗೇ, ಎಲ್ಲ ಗುಳಿ ನೋಡದೆ ಬೀಜ ಎತ್ತುತ್ತಿರಲಿಲ್ಲ, ಲೇ ಆಡಮ್ಮಿ ಹೊತ್ತೋಯ್ತದೆ ಅಂತ ತಾನೇ ಗದರುತ್ತಿದ್ದದ್ದು — ಅಷ್ಟೊತ್ತೂ ಬಾಯಿ ಬಿಡದ ಗಂಡು ಮುಂದಕ್ಕೆ ಬಾಗಿದ, ಗೋಡೆ ಎತ್ತರ ಇದ್ರೆ? ಎತ್ತರ ಇರ್ಲಿ ಬುಡಿ, ಅಂದಳು ಮಗಳು, ತೆಳ್ಳಗಿದ್ರೆ ದಾಟ್ತದೆ, ದಪ್ಪ ಇದ್ರೇ ಕಷ್ಟ.

ಮಹದೇವಯ್ಯ ಗಂಟಲು ಸರಿಮಾಡಿಕೊಂಡರು, ಎಲ್ಲಾ ಸರಿ ಕಣ ತಾಯಿ, ಓದು ಇಲ್ಲಿಗೆ ನಿಲ್ಸಿ, ವೈಶಾಖಕ್ಕೆ ಮದ್ವೆ ಮಾಡ್ಬುಡವ — ಎತ್ತರದ ದನಿ, ನಮ್ಮ ಬೇಗೂರಿನ ಬಸ್ ಸ್ಟ್ಯಾಂಡಿಗೂ ಕೇಳುವಂಥದ್ದು, ಮಗಳ ಬೆರಳು ಬೀಜದ ಮೇಲೇ ನಿಂತುಹೋಯಿತು, ಇನ್ನೆರಡು ವರ್ಷದ ಓದು ಆ ಬೆರಳ ತುದಿಯಲ್ಲಿ, ನೀಲಾವತಿ ಕಾಫಿ ತಟ್ಟೆ ಎತ್ತಿಕೊಂಡಳು, ಹೊಸಿಲು ದಾಟುವಾಗ ಕಂಡಿತು, ಮಾವನ ಮಾತಿಗೆ ಗಂಡು ತಲೆ ಆಡಿಸಿಲ್ಲ, ಅವನ ಕಣ್ಣು ಇನ್ನೂ ಮಣೆ ಮೇಲಿದೆ — ಓಹೋ, ಈ ಗೋಡೆಗೆ ಎತ್ತರ ಅಷ್ಟೇ, ದಪ್ಪವಿಲ್ಲ — ಓದು ಮುಗೀಲಿ ಅಣ್ಣ, ವೈಶಾಖ ಆಮ್ಯಾಕೂ ಬತ್ತದೆ, ಕಾಫಿ ತಕ್ಕಳಿ, ತನ್ನದೇ ದನಿಯಾ ಇದು, ಗಂಡು ಕೈ ಚಾಚಿದ, ಲೋಟಕ್ಕಲ್ಲ, ಮಣೆಯ ಕಡೆಗೆ, ಇನ್ನೊಂದ್ಸಲ ತೋರ್ಸಿ ಅಂದ, ಮಗಳ ಬೆರಳು ಎದ್ದಿತು, ಈಚೆ ಗುಳಿ, ನಡುವೆ ಗೋಡೆ, ಆಚೆ ಗುಳಿಯೊಳಗೆ ಮಿರಮಿರ ಹುಣಸೆಬೀಜ —