ಒಳಪೆಡಲು

"ಹತ್ರಿ ಅಕ್ಕಾರ. ಹೊಸಬರು ಮುಂದ, ಉಳಿದಾವ್ರು ಹಿಂದ. ನಮ್ಮ ಬಳಗದಾಗ ಅದ ಪದ್ಧತಿ," ಎನ್ನುತ್ತ ಸುಮನ್ ಮೇಡಂ ಲೇಡೀಸ್ ಸೈಕಲ್ಲನ್ನು ದಾಕ್ಷಾಯಿಣಿಯ ಕೈಗೆ ಕೊಟ್ಟು ಹಿಂದೆ ಸರಿದಳು. ಗೋಕಾಕದ ಕಾಲೇಜು ಮೈದಾನದ ಗೇಟಿನ ಮುಂದೆ, ಮಂಗಳವಾರ ಬೆಳಗಿನ ಐದೂವರೆಗೆ, ಒಂಬತ್ತು ಜನ ತಂತಮ್ಮ ಸೈಕಲ್ ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದರು. ದಾಕ್ಷಾಯಿಣಿ ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗೈಯಿಂದ ಸೀಟಿನ ಮುಂದೆ ತಡಕಾಡಿದಳು. ಅಲ್ಲಿರಬೇಕಾದ ಅಡ್ಡ ಬಾರು ಅಲ್ಲಿರಲಿಲ್ಲ.

"ಮೇಡಂ, ಇದರ ನಡುವಿನ ಬಾರ್ ಎಲ್ಲಿ ಹೋತ್ರಿ?"

"ಲೇಡೀಸ್ ಸೈಕಲ್ಲಿಗೆ ಅದು ಇರೂದಿಲ್ಲಲ್ರಿ ಅಕ್ಕಾರ. ಹತ್ತಾಕ ಹಗುರ ಆಗಲಿ ಅಂತ ಹಂಗ ಮಾಡಿರತಾರ."

ಹಗುರವಾಗಲಿ ಎಂದು ಮಾಡಿದ್ದೇ ಅವಳಿಗೆ ಮುಳುವಾಯಿತು. ಎರಡು ವಾರದ ಹಿಂದೆ ಕಾಲೇಜಿನ ಈ ಮೇಡಂ ಕುಪ್ಪಸದ ಅಳತೆ ಕೊಡಲು ಬಂದಾಗ ಸೈಕಲ್ ಬಳಗದ ಮಾತು ತೆಗೆದು, "ನಿಮಗ ಸೈಕಲ್ ಬರತೈತೇನ್ರಿ?" ಎಂದು ಕೇಳಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ದಾಕ್ಷಾಯಿಣಿ ಹಿಂದುಮುಂದು ನೋಡದೆ "ಬರತೈತ್ರಿ" ಎಂದುಬಿಟ್ಟಳು. ಆಮೇಲೆ ಹುರುಪು ತಡೆಯಲಾಗದೆ ತನ್ನ ಅಳತೆಗೆ ತಾನೇ ಒಂದು ಚೂಡಿದಾರ ಹೊಲಿದುಕೊಂಡಳು. ನಲವತ್ತೇಳು ವರ್ಷಕ್ಕೆ ಅದು ಅವಳ ಮೊದಲ ಚೂಡಿದಾರ.

ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ತವರೂರು ಹತ್ತರಗಿಯಲ್ಲಿ ಅಣ್ಣ ಬಾಳೇಶ ಅಪ್ಪನ ಗಂಡಸರ ಸೈಕಲ್ಲಿನ ಮೇಲೆ ಅವಳಿಗೆ ಒಳಪೆಡಲು ಕಲಿಸಿದ್ದ. ಸೀಟು ನಿಲುಕದ ಮಕ್ಕಳು ಬಾರಿನ ಕೆಳಗೆ ಬಲಗಾಲು ತೂರಿಸಿ, ಬಾರನ್ನು ಕಂಕುಳಲ್ಲಿ ಅವುಚಿಕೊಂಡು, ಸೊಟ್ಟಗೆ ಜೋತಾಡುತ್ತ ಹೊಡೆಯುವ ಸವಾರಿ ಅದು. ಹನ್ನೊಂದನೇ ವಯಸ್ಸಿಗೆ ಅವಳು ಹೈವೇತನಕ ಹೋಗಿ ಬರುತ್ತಿದ್ದಳು. "ಮುಂದಿನ ವರ್ಷ ಎತ್ತರ ಆಗು, ಸೀಟಿನ ಮ್ಯಾಲ ಕುಂದರಸ್ತೇನಿ," ಎಂದು ಅಣ್ಣ ಮಾತು ಕೊಟ್ಟಿದ್ದ. ಮುಂದಿನ ವರ್ಷ ಅವಳು ಸೀಟು ನಿಲುಕುವಷ್ಟು ಎತ್ತರವೂ ಆದಳು, ದೊಡ್ಡವಳೂ ಆದಳು. ಮನೆಯವರು ಎರಡನೆಯದನ್ನಷ್ಟೇ ಗಮನಿಸಿದರು. ಸೈಕಲ್ಲು ಅಣ್ಣನ ಪಾಲಾಯಿತು. ಸೀಟಿನ ಮೇಲೆ ಕೂತರೆ ದಾರಿ ಹೇಗೆ ಕಾಣುತ್ತದೆ ಎನ್ನುವುದು ದಾಕ್ಷಾಯಿಣಿಗೆ ಇಂದಿಗೂ ಗೊತ್ತಿರಲಿಲ್ಲ.

"ತಂಗಿ, ನೀ ಒಳಪೆಡಲಿನಾಕಿ ಏನು?" ಎಂದು ಹಿಂದಿನಿಂದ ಯಾರೋ ಕೇಳಿದರು. ಬಳಗದಲ್ಲಿ ಎಲ್ಲರಿಗಿಂತ ಹಿರಿಯ, ರಿಟೈರಾದ ಲೈನ್‌ಮನ್ ರಾಜಪ್ಪ ಕಾಕಾ. ಅವಳು ತಲೆ ತಗ್ಗಿಸಿ ಹೂಂ ಎಂದಳು. ಕಾಕಾ ಮಾತು ಬೆಳೆಸದೆ, ಕಂಬದಿಂದ ಕಂಬಕ್ಕೆ ಅಲೆದ ಕಾಲದ ತನ್ನ ಕರಿಯ ಸೈಕಲ್ಲನ್ನು ತಂದು ಅವಳ ಮುಂದೆ ನಿಲ್ಲಿಸಿದ. "ಇದಕ್ಕ ಬಾರ್ ಐತಿ. ನಡಿ."

ಅವಳ ಕುಳ್ಳ ಮೈ ಅಂದು ಉಪಕಾರಕ್ಕೆ ಬಂತು. ಎರಡು ಸಲ ಜೋಲಿ ಹೊಡೆದು ಮೂರನೆಯ ಸಲಕ್ಕೆ ಕಾಲು ತಾನಾಗಿಯೇ ನೆನಪು ಮಾಡಿಕೊಂಡಿತು. ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಬಾರಿನ ಒಳಗೆ ಕಾಲು ಹಾಕಿ, ದಾಕ್ಷಾಯಿಣಿ ಪೆಟ್ರೋಲ್ ಬಂಕಿನ ಕಡೆ ಹೊರಟಳು. ಪದ್ಧತಿ ಅಂದರೆ ಪದ್ಧತಿ. ಗೇರಿನ ಸೈಕಲ್ಲುಗಳೆಲ್ಲ ಅವಳ ಹಿಂದೆ ಎಮ್ಮೆಯ ನಡಿಗೆಯಲ್ಲಿ ಬಂದವು. ಚಹಾದ ಅಂಗಡಿಯ ಮಾಲಿಂಗ ಚಹಾ ಸೋಸುವುದನ್ನು ಬಿಟ್ಟು ಬಾಯಿ ತೆರೆದು ನೋಡಿದ. ಅವಳಿಗೆ ಅದ್ಯಾವುದರ ಖಬರೂ ಇರಲಿಲ್ಲ. ಮುಖಕ್ಕೆ ಗಾಳಿ ಬಡಿಯುತ್ತಿತ್ತು, ಚೈನು ಕಟಕಟ ಅನ್ನುತ್ತಿತ್ತು. ಮೂವತ್ತು ವರ್ಷ ಹೊಲಿಗೆ ಮಷೀನು ತುಳಿದು ಕೂತಲ್ಲೇ ಕೂತವಳಿಗೆ ತುಳಿದರೆ ಮುಂದಕ್ಕೆ ಹೋಗಬಹುದು ಎನ್ನುವುದೇ ಅಷ್ಟು ಖುಷಿ ಕೊಟ್ಟಿತು.

ನಾಚಿಕೆ ಬಂದದ್ದು ಇಳಿದ ಮೇಲೆ. ಕಂಕುಳು ಉರಿಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು. "ಭಾನುವಾರ ಲೋಳಸೂರ ಬ್ರಿಜ್ಜಿಗೆ ಹೋಗೂದೈತ್ರಿ. ನೀವ ಮುಂದ ಇರಬೇಕು," ಎಂದಳು ಸುಮನ್. ಜೋತಾಡುತ್ತ ಅಷ್ಟು ದೂರ ಆಗುವ ಮಾತಲ್ಲ. ಹೋಗಬೇಕೆಂದರೆ ಭಾನುವಾರದೊಳಗೆ ಸೀಟಿನ ಮೇಲೆ ಕೂರಲು ಬರಬೇಕು. ಅದಕ್ಕೂ ಮೊದಲು ಮನೆಯವರು ಬೇಡ ಅನ್ನಬಾರದು.

ಮನೆಯವರು ಎಂದರೆ ಗಂಡ ಮುರಿಗೆಪ್ಪ. ಪೇಟೆಯಲ್ಲಿ ಅವನದು ಬೀಜದ ಅಂಗಡಿ. "ಈ ಸಲದ ಗೋವಿನಜೋಳ ಸರಿಯಿಲ್ಲ, ಬಾಜೂ ಅಂಗಡಿಯೊಳಗ ತಗೋರಿ," ಎಂದು ಬಂದ ಗಿರಾಕಿಯನ್ನು ತಾನೇ ಕಳಿಸಿಕೊಡುವ ಆಸಾಮಿ. ಮಗಳು ನಂದಾಳನ್ನು ನೋಡಲು ಮೂಡಲಗಿಯಿಂದ ಬೀಗರು ಬಂದಾಗ, ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂಬ ಪ್ರಶ್ನೆಗೆ "ಇಲ್ರಿ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ. ಸಂಬಂಧ ಕೂಡಿಬಂದದ್ದು ನಂದಾಳ ಪುಣ್ಯ. ಹೆಂಡತಿ ಹೊಸ ಕುಪ್ಪಸ ತೊಟ್ಟು ಹೇಗಿದೆ ಎಂದರೆ "ಎಡಗಡೆ ತೋಳು ಬಿಚ್ಚಿ ಹೊಲಿ" ಅನ್ನುತ್ತಿದ್ದ. ಆದರೆ ಇಪ್ಪತ್ತೇಳು ವರ್ಷದ ಹಿಂದೆ ಹತ್ತರಗಿಯ ಪಡಸಾಲೆಯಲ್ಲಿ "ನೀ ನನ್ನ ಮನಸಿಗೆ ಬಂದಿ" ಎಂದವನೂ ಅವನೇ. ಆ ಮಾತಿನ ಮೇಲೆ ದಾಕ್ಷಾಯಿಣಿ ಒಂದು ದಿನವೂ ಅನುಮಾನ ಪಟ್ಟಿಲ್ಲ, ಯಾಕೆಂದರೆ ಹೇಳಿದವನು ಮುರಿಗೆಪ್ಪ.

ಮಧ್ಯಾಹ್ನ ಊಟಕ್ಕೆ ಬಂದವನು ರೊಟ್ಟಿ ಮುರಿಯುತ್ತ ಕೇಳಿದ. "ಮಾಲಿಂಗ ಏನೋ ಹೇಳಾಕತ್ತಿದ್ದ. ಖರೆ ಏನು?"

"ಖರೆ ಐತ್ರಿ," ಎಂದಳು. ಮಂದಿ ನಗುತ್ತಾರೆ, ಮನೆಯಲ್ಲಿರು ಎಂದರೆ ಏನು ಹೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದಳು.

"ಸೀಟಿನ ಮ್ಯಾಲ ಯಾಕ ಕುಂದರಲಿಲ್ಲ?"

"ಬರೂದಿಲ್ಲ."

"ಮತ್ತ ಬರತೈತಿ ಅಂತ ಯಾಕ ಹೇಳಿದಿ? ಮೇಡಂಗೂ ಹೇಳಿದಿ, ನನಗೂ ಹೇಳಿದಿ."

ದಾಕ್ಷಾಯಿಣಿ ಜೋಡಿಸಿಟ್ಟ ಮಾತೆಲ್ಲ ದಂಡವಾಯಿತು. "ಅರ್ಧಾ ಬರತೈತಿ," ಎಂದಳು ಸಣ್ಣ ದನಿಯಲ್ಲಿ.

"ಅರ್ಧಾ ಮೊಳೆಯೂ ಬೀಜಕ್ಕ ನಾ ಬೀಜ ಅನ್ನೂದಿಲ್ಲ," ಎಂದು ಮುರಿಗೆಪ್ಪ ಪಲ್ಯ ಹಚ್ಚಿಕೊಂಡ. ಇನ್ನೊಂದು ತುತ್ತು ಮುರಿದು, "ಬರತೈತಿ ಅಂದ ಮ್ಯಾಲ ಬರಬೇಕು. ನಾಳೆ ನಾನೂ ಬರತೇನಿ, ಕ್ಯಾರಿಯರ್ ಹಿಡೀತೇನಿ," ಎಂದ.

ಬುಧವಾರದಿಂದ ಮೈದಾನದಲ್ಲಿ ಪಾಠ ಶುರುವಾಯಿತು. ಲೇಡೀಸ್ ಸೈಕಲ್ಲಿನ ಸೀಟಿನ ಮೇಲೆ ದಾಕ್ಷಾಯಿಣಿ, ಹಿಂದೆ ಬಿಳಿ ಪೈಜಾಮದ ಮುರಿಗೆಪ್ಪ.

"ಹಿಡದೀರೇನ್ರಿ?"

"ಹಿಡದೇನಿ."

ಹತ್ತು ಮಾರು ಹೋಗುತ್ತಿದ್ದಳು. ಸೈಕಲ್ಲು ಹದಕ್ಕೆ ಬರುತ್ತಿತ್ತು. ಆಗ ಹಿಂದಿನಿಂದ ಮುರಿಗೆಪ್ಪ ಪ್ರಾಮಾಣಿಕವಾಗಿ "ಈಗ ಬಿಟ್ಟೆ ನೋಡು" ಅನ್ನುತ್ತಿದ್ದ. ಅಂದ ತಕ್ಷಣ ಅವಳು ಬೀಳುತ್ತಿದ್ದಳು. ಬುಧವಾರ ನಾಲ್ಕು ಸಲ, ಗುರುವಾರ ಐದು ಸಲ ಹೀಗೇ ಆಯಿತು. ಶುಕ್ರವಾರ ರಾಜಪ್ಪ ಕಾಕಾ ಅವನನ್ನು ಬದಿಗೆ ಕರೆದ.

"ಮುರಿಗೆಪ್ಪಾ, ಬಿಟ್ಟ ಮ್ಯಾಲೂ ಹಿಡದೇನಿ ಅನಬೇಕಪಾ. ಸೈಕಲ್ ಕಲಸಾವ್ರು ಎಲ್ಲಾರೂ ಹಂಗ ಅಂತಾರ."

"ಬಿಟ್ಟು ಹಿಡದೇನಿ ಅಂತ ಹೆಂಗ ಅನಲಿ ಕಾಕಾ?" ಎಂದು ಅವನು ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ. ಕಾಕಾ ಹಣೆ ಚಚ್ಚಿಕೊಂಡು ಹೋದ.

ಶನಿವಾರ ಬಿದ್ದದ್ದು ಜೋರಾಗಿತ್ತು. ಮನೆಯಲ್ಲಿ ಅವಳನ್ನು ಮಂಚದ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು, ಮುರಿಗೆಪ್ಪ ಮೊಣಕಾಲಿಗೆ ಅರಿಷಿಣ ಹಚ್ಚಿದ.

"ಒಂದ ಸಲ ಹಿಡದೇನಿ ಅಂದ್ರ ನಿಮ್ಮ ಗಂಟೇನು ಹೋಗತೈತ್ರಿ?" ಎಂದಳು ದಾಕ್ಷಾಯಿಣಿ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ನೀ ಬಿದ್ರ ನನಗ ಭಾಳ ಸಂಕಟ ಆಗತೈತಿ," ಎಂದ ಅವನು, ಗಾಯದ ಮೇಲಿನಿಂದ ಕಣ್ಣೆತ್ತದೆ. "ಆದರ ನಾ ಸುಳ್ಳ ಹೇಳತೇನಿ ಅಂತ ಒಂದ ಸಲ ನಿನಗ ಗೊತ್ತಾದ್ರ, ಆಮ್ಯಾಲ ನಾ ಖರೆ ಹೇಳಿದ್ದೂ ನೀ ನಂಬಬೇಕಲ್ಲ. ನನ್ನ ಕಡೆ ಇರೂದ ಅದೊಂದು."

ಅವಳಿಗೆ ಹತ್ತರಗಿಯ ಪಡಸಾಲೆ ನೆನಪಾಯಿತು. ಈ ಮನುಷ್ಯನಿಗೆ ಸುಳ್ಳು ಹೇಳು ಅನ್ನುವುದು ತಪ್ಪು ಅನ್ನಿಸಿ, "ಬಿಡ್ರಿ, ನಾ ಬ್ರಿಜ್ಜಿಗೆ ಹೋಗಲಿಲ್ಲಂದ್ರ ಏನಾತು," ಎಂದಳು. ಹಾಗೆ ಅಂದರೂ ಚೂಡಿದಾರಕ್ಕೆ ಮೆತ್ತಿದ್ದ ಮಣ್ಣನ್ನು ಕೈಯಿಂದ ಕೊಡವುತ್ತಲೇ ಇದ್ದಳು. ಮುರಿಗೆಪ್ಪ ಅವಳ ಮುಖ ನೋಡಿದ.

ಭಾನುವಾರ ಬೆಳಿಗ್ಗೆ ಅವಳನ್ನು ಎಬ್ಬಿಸಿದವನು ಅವನೇ. "ಏಳು, ಮಂದಿ ಕಾಯತಾರ," ಎಂದ.

ಊರು ದಾಟಿ ಲೋಳಸೂರದ ದಾರಿ ಹಿಡಿದಾಗ ಇನ್ನೂ ನಸುಕಿತ್ತು. ಎಲ್ಲರಿಗಿಂತ ಮುಂದೆ ದಾಕ್ಷಾಯಿಣಿ, ಕ್ಯಾರಿಯರ್ ಹಿಡಿದು ಓಡುತ್ತ ಮುರಿಗೆಪ್ಪ, ಅವರಿಬ್ಬರ ಹಿಂದೆ ಬಳಗ. ದಾರಿ ಚೂರು ಇಳಿಜಾರಾಗಿತ್ತು.

"ಹಿಡದೀರೇನ್ರಿ?"

"ಹಿಡದೇನಿ."

ಅವಳು ತುಳಿದಳು. ನೆಲ ನೋಡುವುದನ್ನು ಬಿಟ್ಟು ಮೆಲ್ಲಗೆ ತಲೆ ಎತ್ತಿದಳು. ಬೇಲಿಯ ಆಚೆ ಅಂಗಳಕ್ಕೆ ನೀರು ಹೊಡೆಯುತ್ತಿದ್ದ ಹೆಂಗಸೊಬ್ಬಳು ಕಂಡಳು. ಕಬ್ಬಿನ ಸಾಲು, ಅದರಾಚೆ ಹೊಳೆಯ ಮೇಲಿನ ಮಂಜು, ಬ್ರಿಜ್ಜಿನ ಕಟ್ಟೆ, ಎಲ್ಲ ಕಂಡವು. ಒಳಪೆಡಲು ಹೊಡೆಯುವಾಗ ಬಾರಿನ ಮೇಲಿಂದ ಕಂಡದ್ದು ಬರಿ ರಸ್ತೆ. ಇಷ್ಟೆಲ್ಲ ಇತ್ತೇ ಎಂದುಕೊಂಡಳು, ಬಾಳೇಶಣ್ಣ ದಿನಾ ಇದನ್ನೆಲ್ಲ ನೋಡುತ್ತಿದ್ದನೇ. ಕಣ್ಣು ತುಂಬಿ ದಾರಿ ಮಸುಕಾಯಿತು, ಹ್ಯಾಂಡಲ್ಲು ಅಲುಗಿತು.

"ಹಿಡದೀರೇನ್ರಿ?" ಎಂದು ಗಾಬರಿಯಲ್ಲಿ ಕೂಗಿದಳು.

"ಹಿಡದೇನಿ, ನಡಿ."

ದನಿ ದೂರದಿಂದ ಬಂತು. ಕಾಕಾನ ಕೆಮ್ಮಿಗಿಂತ, ಸುಮನ್ ಮೇಡಂನ ಸೈಕಲ್ಲಿನ ಗಂಟೆಗಿಂತ ಎಷ್ಟೋ ಹಿಂದಿನಿಂದ, ಏದುಸಿರಿನಲ್ಲಿ, ಆದರೆ ಗಟ್ಟಿಯಾಗಿ ಬಂತು. ದಾಕ್ಷಾಯಿಣಿಗೆ ತಿಳಿಯಿತು. ಅವಳು ತಿರುಗಿ ನೋಡಲಿಲ್ಲ, ಬೀಳಲೂ ಇಲ್ಲ.

"ಬಿಡಬ್ಯಾಡ್ರಿ ಮತ್ತ," ಎಂದು ಕೂಗಿದಳು.

"ಇಲ್ಲ, ಬಿಟ್ಟಿಲ್ಲ."

ಬ್ರಿಜ್ಜಿನ ಮೇಲೆ ರಾಜಪ್ಪ ಕಾಕಾ ಮುಂದೆ ಬಂದು ಹ್ಯಾಂಡಲ್ ಹಿಡಿದು ನಿಲ್ಲಿಸಿದ. ಅವಳು ಒಂದು ಕಾಲು ನೆಲಕ್ಕೂರಿ, ಸೀಟಿನಿಂದ ಇಳಿಯದೆ, ಆಗ ಹಿಂದಿರುಗಿ ನೋಡಿದಳು. ದಾರಿಯ ಆ ತುದಿಯಲ್ಲಿ ಬಿಳಿ ಪೈಜಾಮ ಒಂದೇ ನಿಂತಿತ್ತು. ಎಡಗೈ ಸೊಂಟದ ಮೇಲಿತ್ತು, ಬಲಗೈ ಇನ್ನೂ ಮುಂದಕ್ಕೆ ಚಾಚಿಯೇ ಇತ್ತು, ಕ್ಯಾರಿಯರ್ ಹಿಡಿದಂತೆ ಮುಷ್ಟಿ ಮುಚ್ಚಿಕೊಂಡು.