ಆ ಬೆಳಗಿನ ಹದಿನಾಲ್ಕು ಫೋಟೋಗಳು

ಜಹೀರಾ ಇಪ್ಪತ್ತೆರಡು ವರ್ಷ ಮದುವೆಮನೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆದವಳು. ಆರ್.ಟಿ. ನಗರದಿಂದ ಯಲಹಂಕದವರೆಗೆ, ಪರದೆಯ ಆಚೆ ಗಂಡಸು ಫೋಟೋಗ್ರಾಫರ್ ಕಾಲಿಡುವಂತಿಲ್ಲದ ಶಾದಿಮಹಲುಗಳಿಗೆಲ್ಲ ಅವಳಿಗೇ ಕರೆ ಬರುತ್ತಿತ್ತು. ಆ ಕಸುಬಿನಲ್ಲಿ ಕೈಚಳಕಕ್ಕಿಂತ ನಂಬಿಕೆ ದೊಡ್ಡದು. ಕೇಳದೆ ಯಾರ ಮುಖವನ್ನೂ ತೆಗೆಯಬಾರದು. ಬೇಡ ಅಂದವರ ಚಿತ್ರವನ್ನು ಅವರ ಕಣ್ಣೆದುರೇ ಅಳಿಸಬೇಕು. ಈ ವಿಷಯದಲ್ಲಿ ಅವಳು ಒಮ್ಮೆಯೂ ಮಾತು ತಪ್ಪಿರಲಿಲ್ಲ.

ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಸ್ಕೂಟರ್ ಜಾರಿ ಬಿದ್ದ ಮೇಲೆ ಎಲ್ಲ ನಿಂತುಹೋಯಿತು. ಸೊಂಟಕ್ಕೆ ಎರಡು ಆಪರೇಷನ್ ಆದವು. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವುದೇ ದೊಡ್ಡ ಪ್ರಯಾಣ. ಗಂಡ ವಹಾಬ್ ಯಶವಂತಪುರದ ಹಾರ್ಡ್‌ವೇರ್ ಅಂಗಡಿಗೆ, ಮಗಳು ರುಮಾನಾ ಮತ್ತಿಕೆರೆಯ ಕಾಲೇಜಿಗೆ ಹೊರಟುಬಿಟ್ಟರೆ ಅಲ್ಲಾಳಸಂದ್ರದ ಆ ಎರಡನೇ ಮಹಡಿಯ ಮನೆಯಲ್ಲಿ ಅವಳೊಬ್ಬಳೇ. ಒಂದು ದಿನ ರುಮಾನಾ ಬೀರುವಿನಿಂದ ಕ್ಯಾಮೆರಾ ತೆಗೆದು, ಟ್ರೈಪಾಡಿಗೆ ಸಿಕ್ಕಿಸಿ, ಕಿಟಕಿಯ ಮುಂದೆ ನಿಲ್ಲಿಸಿ ಹೋದಳು. ಏನನ್ನು ತೆಗೆಯಬೇಕೆಂದು ಹೇಳಲಿಲ್ಲ.

ಕಿಟಕಿಯ ಕೆಳಗೊಂದು ಖಾಲಿ ಸೈಟು. ಸುತ್ತಲಿನ ಹೊಲವೆಲ್ಲ ಮನೆಗಳಾದರೂ ಅದರ ಪಕ್ಕದ ಮನೆಯ ಮುದುಕ ಪಿಳ್ಳಪ್ಪ ಅದೊಂದನ್ನು ಮಾರದೆ ಉಳಿಸಿಕೊಂಡಿದ್ದ. ಅಲ್ಲಿ ಒಂದು ನುಗ್ಗೆಮರ, ನಾಲ್ಕು ಸಾಲು ಅವರೆ, ಹಿಂದೆ ದನಗಳು ನೀರು ಕುಡಿಯುತ್ತಿದ್ದ ಒಂದು ಕಲ್ಲುಬಾನಿ. ದನಗಳು ಹೋಗಿ ಹದಿನೈದು ವರ್ಷವಾಗಿದ್ದರೂ ಆತ ದಿನಾ ಬೆಳಿಗ್ಗೆ ಏಳರ ಹೊತ್ತಿಗೆ ಬಿಂದಿಗೆ ಹೊತ್ತು ಬಂದು ಬಾನಿ ತುಂಬಿಸುತ್ತಿದ್ದ. ನೀರಿಗೆ ಗೊರವಂಕ, ಪಿಕಳಾರ ಹಕ್ಕಿಗಳು ಬರುತ್ತಿದ್ದವು. ನುಗ್ಗೆ ಹೂವಿಗೆ ಸೂರಕ್ಕಿ ತೂಗುಬೀಳುತ್ತಿತ್ತು. ಮದುಮಗಳು ರೆಪ್ಪೆ ಎತ್ತುವ ಗಳಿಗೆಗಾಗಿ ಕಾದು ಅಭ್ಯಾಸವಿದ್ದ ಜಹೀರಾಳಿಗೆ ಹಕ್ಕಿ ಕತ್ತು ಹೊರಳಿಸುವುದನ್ನು ಕಾಯುವುದು ಕಷ್ಟವೆನಿಸಲಿಲ್ಲ.

ಬೀದಿಯಲ್ಲಿ ಗುಸುಗುಸು ಎದ್ದಿತು. ಒಂದು ಭಾನುವಾರ ಪಿಳ್ಳಪ್ಪನೇ ಮೆಟ್ಟಿಲು ಹತ್ತಿ ಬಂದ. ಕುರ್ಚಿಯ ತುದಿಯಲ್ಲಿ ಕೂತು, "ತಪ್ಪು ತಿಳ್ಕಬ್ಯಾಡಿ ಕಣಮ್ಮ. ಕಿಟಕೀಲಿ ಕ್ಯಾಮ್ರಾ ಇಟ್ಟವ್ರೆ, ಹೆಣ್ಮಕ್ಳು ಬಟ್ಟೆ ಒಣಗಾಕೋದೆಲ್ಲ ಕಾಣ್ತದೆ ಅಂತ ಜನ ಏಳ್ತಾವ್ರೆ" ಎಂದ.

ಜಹೀರಾ ಒಂದೊಂದೇ ಚಿತ್ರವನ್ನು ಕ್ಯಾಮೆರಾದಲ್ಲೇ ತೋರಿಸಿದಳು. "ಮನುಷ್ಯರದ್ದು ಒಂದೂ ಇಲ್ಲ, ನೋಡಿ. ಯಾರಾದ್ರೂ ಅಡ್ಡ ಬಂದ್ರೆ ಅವತ್ತೇ ಅಳಿಸ್ತೀನಿ. ನೀವೂ ಎಷ್ಟೋ ಸಲ ಬಂದಿದೀರ."

"ನನ್ನೂ ಅಳಿಸ್ಬುಟ್ರಾ?" ಆತ ಬಾಯ್ತುಂಬ ನಕ್ಕ. "ಒಳ್ಳೇದಾಯ್ತು ಬುಡಿ. ಈ ಮೂತಿ ಯಾರಿಗ್ ಬೇಕು!"

ಮಾರನೆಯ ದಿನದಿಂದ ಬೀದಿಯ ಮಾತು ನಿಂತಿತು. ಆಯಮ್ಮ ಹಕ್ಕಿ ಬಿಟ್ಟು ಬೇರೇನೂ ತೆಗೆಯುವುದಿಲ್ಲ, ನಾನೇ ನೋಡಿ ಬಂದಿದ್ದೇನೆ ಎಂದು ಆತ ಮನೆಮನೆಗೂ ಹೇಳಿದ್ದನಂತೆ.

ಅದು ಫೆಬ್ರವರಿಯ ಒಂದು ಮಂಗಳವಾರ. ಎಷ್ಟೋ ದಿನದಿಂದ ಸಿಗದಿದ್ದ ಮಡಿವಾಳ ಹಕ್ಕಿ, ಕಪ್ಪು ಬಿಳುಪಿನ ಆ ಪುಟ್ಟ ಜೀವ, ಬಾನಿಯ ಅಂಚಿಗೆ ಬಂದು ಕೂತಿತ್ತು. ಜಹೀರಾ ಒಂದರ ಹಿಂದೊಂದು ತೆಗೆಯತೊಡಗಿದಳು. ಪಿಳ್ಳಪ್ಪ ಬಿಂದಿಗೆಯೊಂದಿಗೆ ಬಂದ. ಹಕ್ಕಿ ಹಾರಲಿಲ್ಲ, ಅವಳೂ ಗುಂಡಿಯಿಂದ ಬೆರಳು ಎತ್ತಲಿಲ್ಲ. ಆತ ನೀರು ಸುರಿದ. ಇದ್ದಕ್ಕಿದ್ದಂತೆ ಬಿಂದಿಗೆ ವಾಲಿತು. ಮಂಡಿ ಮಡಿಸಿ, ಬಾನಿಗೆ ಒರಗಿಕೊಂಡೇ ಆತ ನೆಲಕ್ಕೆ ಕುಸಿದ. ಹಕ್ಕಿ ಹಾರಿಹೋಯಿತು.

ಮೊದಲು ಅವಳಿಗೆ ಏನೂ ತಿಳಿಯಲಿಲ್ಲ. ತಿಳಿದೊಡನೆ ಕಿಟಕಿಯ ಸರಳು ಹಿಡಿದು, "ನಾಗೇಶ್! ನಾಗೇಶ್! ಯಾರಾದ್ರೂ ಬನ್ನಿ!" ಎಂದು ಕಿರುಚಿದಳು. ಕೆಳಗೆ ಬೈಕು ಹೊರಡಿಸುತ್ತಿದ್ದ ವಹಾಬ್‌ಗೆ ಫೋನ್ ಮಾಡಿದಳು. ವಹಾಬ್ ಕಾಂಪೌಂಡ್ ಹಾರಿದ. ಪಿಳ್ಳಪ್ಪನ ಮಗ ನಾಗೇಶ್ ಬನಿಯನ್ನಿನಲ್ಲೇ ಓಡಿ ಬಂದ. ಕಾರಿನಲ್ಲಿ ಮಲಗಿಸಿಕೊಂಡು ಹೋದರು. ಕಾರು ಹೊರಡುವ ಮುಂಚೆಯೇ ಜೀವ ಹೋಗಿತ್ತು ಎಂದರಂತೆ ಡಾಕ್ಟರು.

ಆಮೇಲೆ ಜಹೀರಾ ಕ್ಯಾಮೆರಾ ಮುಟ್ಟಲಿಲ್ಲ. ಅದರ ಮೇಲೆ ದುಪಟ್ಟಾ ಹೊದಿಸಿ, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಎಂಟನೆಯ ದಿನ ಪಿಳ್ಳಪ್ಪನ ಹೆಂಡತಿ ಗಂಗರತ್ನಮ್ಮ ಬಂದಳು. ಸೂತಕದ ಮನೆಯವರು ಹೊರಗೆ ಹೋಗಬಾರದೆಂದು ಸೊಸೆ ತಡೆದಿದ್ದಳಂತೆ. ಕೇಳದೆ ಬಂದಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ನೀವು ನೋಡಿದ್ರಂತೆ."

"ನೋಡ್ದೆ."

"ನಾನು ಒಳಗೆ ಮಿಕ್ಸಿ ಆಕ್ಕಂಡಿದ್ದೆ, ಚಟ್ನಿಗೆ. ಕೂಗಿದ್ರೇನೋ ಅವ್ರು. ನಂಗೆ ಕೇಳಿಸ್ನಿಲ್ಲ. ಎಷ್ಟೊತ್ತು ಅಂಗೇ ಬಿದ್ದಿದ್ರೋ." ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇಲ್ಲ, ಕೂಗ್ಲಿಲ್ಲ ಅಂತ ಎಲ್ರೂ ಏಳ್ತಾರೆ. ನನ್ನ ಸಮಾಧಾನಕ್ಕೆ ಏಳ್ತಾವ್ರೆ, ನಂಗೊತ್ತಾಗಾಕಿಲ್ವಾ?"

ಕೂಗಲಿಲ್ಲ ಎಂದು ಜಹೀರಾಳೂ ಹೇಳಬಹುದಿತ್ತು. ಹೇಳಿದ್ದರೆ ಅದೂ ಹತ್ತರಲ್ಲಿ ಹನ್ನೊಂದಾಗುತ್ತಿತ್ತು. ಅವಳು ದುಪಟ್ಟಾ ಸರಿಸಿದಳು.

"ಅವತ್ತಿಂದು ಇದರಲ್ಲೇ ಇದೆ, ಅಮ್ಮ. ನಾನೂ ನೋಡಿಲ್ಲ. ಮನುಷ್ಯರು ಬಂದ್ರೆ ಅವತ್ತೇ ಅಳಿಸ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೆ. ತಪ್ಪಿದೀನಿ. ನೀವು ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ."

ಗಂಗರತ್ನಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ತೋರ್ಸಿ."

ಒಟ್ಟು ಹದಿನಾಲ್ಕು. ಮೊದಲ ನಾಲ್ಕರಲ್ಲಿ ಹಕ್ಕಿಯೊಂದೇ. ಆಮೇಲಿನ ಐದರಲ್ಲಿ ಪಿಳ್ಳಪ್ಪ, ಬಿಂದಿಗೆ, ನೀರಿನ ಧಾರೆ. ಜಹೀರಾ ಅಲ್ಲಿ ನಿಲ್ಲಿಸಿ ಅವಳ ಮುಖ ನೋಡಿದಳು. ಮುಂದೆ ಹೋಗು ಎಂಬಂತೆ ಗಂಗರತ್ನಮ್ಮ ತಲೆಯಾಡಿಸಿದಳು.

"ಇಲ್ಲಿ ಕೆಳಗೆ ಟೈಮ್ ಬರುತ್ತೆ ನೋಡಿ. ಇದು ಏಳು ಒಂಬತ್ತು, ಹದಿನಾಲ್ಕನೇ ಸೆಕೆಂಡು. ನಿಂತಿದಾರೆ. ಹದಿನೈದಕ್ಕೆ ಮಂಡಿ ಬಾಗಿದೆ. ಹದಿನೇಳಕ್ಕೆ ನೆಲದ ಮೇಲಿದಾರೆ, ಬರೀ ಮೂರು ಸೆಕೆಂಡು. ಬಾಯಿ ನೋಡಿ, ಮುಚ್ಚಿದೆ. ಆಮೇಲಿನ ಮೂರರಲ್ಲೂ ಹಾಗೇ ಇದಾರೆ. ಕೈಯೂ ಅಲ್ಲಾಡಿಲ್ಲ." ಫೋನನ್ನೂ ತೆಗೆದು ತೋರಿಸಿದಳು. "ನಮ್ಮನೆಯವರಿಗೆ ಫೋನ್ ಮಾಡಿದ್ದು ಏಳು ಹತ್ತಕ್ಕೆ."

"ಮೂರು ಸೆಕೆಂಡು ಅಂದ್ರೆ ಎಷ್ಟಮ್ಮ?"

ಜಹೀರಾ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಅಂಗೈ ಮೇಲೆ ಮೆಲ್ಲಗೆ ತಟ್ಟಿ ಎಣಿಸಿದಳು. "ಒಂದು. ಎರಡು. ಮೂರು."

"ಅಷ್ಟೇಯಾ?"

"ಅಷ್ಟೇ."

ಎಂಟು ದಿನದಿಂದ ಕಣ್ಣೀರು ಬಾರದ ಗಂಗರತ್ನಮ್ಮ ಆಗ ಅತ್ತಳು. ಜಹೀರಾ ಕೈ ಬಿಡಿಸಿಕೊಳ್ಳದೆ ಪಕ್ಕದಲ್ಲಿ ಕೂತಿದ್ದಳು. ಕಣ್ಣೊರೆಸಿಕೊಂಡ ಮೇಲೆ ಗಂಗರತ್ನಮ್ಮ ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಕೊನೇವು ಐದು ಬ್ಯಾಡ. ಎಂಗೆ ಅಳ್ಸೋದು ತೋರ್ಸಿ. ನಾನೇ ಅಳಸ್ತೀನಿ."

ಜಹೀರಾ ಗುಂಡಿ ತೋರಿಸಿದಳು. ಅಳಿಸಬೇಕೇ ಎಂದು ಕ್ಯಾಮೆರಾ ಪ್ರತಿ ಸಲವೂ ಮತ್ತೆ ಕೇಳುತ್ತಿತ್ತು. ಗಂಗರತ್ನಮ್ಮ ಪ್ರತಿ ಸಲವೂ ಎರಡೆರಡು ಬಾರಿ ಒತ್ತಿದಳು. ನಂತರ ಹಿಂದೆ ಹಿಂದೆ ಸರಿಸಿ ಏಳನೆಯ ಚಿತ್ರದ ಬಳಿ ನಿಂತಳು. ಪಿಳ್ಳಪ್ಪ ಕಿಟಕಿಗೆ ಬೆನ್ನು ಹಾಕಿ ಬಗ್ಗಿ ನೀರು ಸುರಿಯುತ್ತಿದ್ದ. ಹೆಗಲ ಮೇಲೆ ಟವೆಲ್ಲು, ಪಕ್ಕದಲ್ಲಿ ಹಕ್ಕಿ.

"ಇದನ್ನ ದೊಡ್ದು ಮಾಡ್ಸಿ ಕೊಡಿ."

"ಮುಖ ಕಾಣೋದು ಇನ್ನೆರಡಿದೆ, ಅಮ್ಮ."

"ಇದೇ ಸಾಕು."

ಹನ್ನೊಂದನೆಯ ದಿನದ ಕಾರ್ಯಕ್ಕೆ ವಹಾಬ್, ರುಮಾನಾ ಇಬ್ಬರೂ ಹಿಡಿದುಕೊಂಡು ಜಹೀರಾಳನ್ನು ಮೆಟ್ಟಿಲಿಳಿಸಿದರು. ಸೈಟಿನಲ್ಲೇ ಶಾಮಿಯಾನ ಹಾಕಿದ್ದರು. ಪ್ರಿಂಟನ್ನು ಕಟ್ಟು ಹಾಕಿಸಿ ತಂದಿದ್ದ ವಹಾಬ್ ಅದನ್ನು ನಾಗೇಶನ ಕೈಗೆ ಕೊಟ್ಟ. ನಾಗೇಶನ ಮುಖ ಗಂಟಾಯಿತು.

"ಇದೇನವ್ವ ಇದು? ಬೆನ್ನು ತೋರ್ಸ್ಕೊಂಡು ನಿಂತಿರೋ ಫೋಟೋಗೆ ಹಾರ ಹಾಕೋದಾ? ಜನ ಏನಂತಾರೆ?"

ಗಂಗರತ್ನಮ್ಮ ಚಾಪೆಯ ಮೇಲಿಂದ ಏಳಲಿಲ್ಲ, ದನಿಯೂ ಏರಲಿಲ್ಲ. "ಮದ್ವೆಯಾದಾಗಿಂದ ಹೊಲಕ್ಕೆ, ಸಂತೆಗೆ, ಆಸ್ಪತ್ರೆಗೆ ಎಲ್ಲಿಗೋದ್ರೂ ಅವ್ರು ಮುಂದೆ, ನಾನು ಹಿಂದೆ. ನಲವತ್ತಾರು ವರ್ಷ ನಾನು ನೋಡಿದ್ದು ಈ ಬೆನ್ನನ್ನೇ ಕಣಪ್ಪ. ಆಕು ಹಾರನ."

ನಾಗೇಶ್ ಮತ್ತೊಮ್ಮೆ ಆ ಚಿತ್ರವನ್ನು ನೋಡಿದ. ಆಮೇಲೆ ಹಾರವನ್ನು ಬಿಡಿಸಿ, ಎರಡೂ ಕಡೆ ಸಮ ಬರುವಂತೆ ಸರಿಮಾಡಿ, ಅಪ್ಪನಿಗೆ ಹಾಕಿದ.